ಬಚ್ಚಲ ಗೋಡೆಯ ಬಟ್ಟಲುಗಳು

ಸಂಸ್ಕೃತದ ಮೇಷ್ಟರೊಬ್ಬರು ಪಾಚಿಯ ವಿಚಾರವಾಗಿ ಲೇಖನ ಬರೆಯುತ್ತಾರೆಂದರೆ ವಾಚಕರಿಗೆ ನಗು ಬಾರದೆ ಇರದು. ನಮ್ಮ ಮನೆಯಲ್ಲಿಯೇ ಅದು ನಗೆಯ ಮಾತಾಗಿ ಹೋಗಿರುವಾಗ ಹೊರಗಿನವರನ್ನು ಏನೆನ್ನೋಣ? ಮೂವತ್ತೈದು ವರ್ಷ ಹುಡುಗರಿಂದ ಶಬ್ದ ಧಾತುಗಳನ್ನು ಬಾಯಿಪಾಠ ಮಾಡಿಸಿ, ಅರುವತ್ತು ತುಂಬಿದೊಡನೆ ಮನೆಗೆ ಬಂದು ಕುಳಿತವರು ನಾವು. ಕಳೆದ ಮಳೆಗಾಲದ ಕಡೆಯಲ್ಲಿ ನಡೆದ ಒಂದು ಅಲ್ಪ ಸಂಗತಿಯನ್ನು ಇಲ್ಲಿ ಬರೆಯುತ್ತೇವೆ. ಅಲ್ಪವೆಂದುದು ವಸ್ತುವಿನ ಗಾತ್ರವನ್ನು ಕುರಿತು. ಅದರಿಂದ ನಾವು ಕಲಿತ ಪಾಠವು ಅಷ್ಟು ಅಲ್ಪವಾದುದಲ್ಲ.

ನಮ್ಮದು ಮಲೆನಾಡಿನ ಮನೆ. ಬಚ್ಚಲ ಹಿಂದೆ ಗುಡ್ಡವನ್ನು ಕಡಿದು ಮಾಡಿದ ಧರೆಯುಂಟು. ಅದು ಜರಿಯದಂತೆ ನಮ್ಮ ತಂದೆಯವರು ಕಟ್ಟಿಸಿದ ಜಂಬಿಟ್ಟಿಗೆಯ ಗೋಡೆಯುಂಟು. ಆಷಾಢ ಹಿಡಿದರೆ ಕಾರ್ತಿಕದವರೆಗೆ ಆ ಗೋಡೆ ಒಣಗಿದುದನ್ನು ನಾವು ಕಂಡಿಲ್ಲ. ಇಡೀ ಗೋಡೆಗೆ ಹಸುರು ಕಂಬಳಿ ಹೊದಿಸಿದಂತೆ ಪಾಚಿ ಹಬ್ಬುವುದು. ಪ್ರತಿವರ್ಷವೂ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲು ಹಂಡೆ ಬೆಳಗುವುದರ ಜೊತೆಯಲ್ಲಿಯೇ ಈ ಗೋಡೆಯನ್ನೂ ತೆಂಗಿನ ನಾರಿನಿಂದ ಉಜ್ಜಿ ತೊಳೆಯುವುದು ನಮ್ಮ ಮನೆಯವರ ಪದ್ಧತಿ. ಈ ಸಲ ಉಜ್ಜುವ ಮೊದಲು ಅವರು ನಮ್ಮನ್ನು ಕೂಗಿದರು.

“ಒಂದು ಸಲ ಇಲ್ಲಿ ಬನ್ನಿ. ಈ ಪಾಚಿಗೆ ಏನೋ ಕಜ್ಜಿಯಾದ ಹಾಗೆ ಕಾಣುತ್ತದೆ.”

ನಾವು ಪಂಚಾಂಗದ ಸಣ್ಣ ಅಕ್ಷರಗಳನ್ನು ನೋಡಲು ಇಟ್ಟುಕೊಂಡಿರುವ ಬೂದುಗಾಜನ್ನು ಹಿಡಿದುಕೊಂಡು ಹೋದೆವು.

ಆ ಪಾಚಿಯು ಸಾಧಾರಣವಾದ ಜಾರುವ ಪಾಚಿಯಲ್ಲ. ಎಲೆ ಕಾಂಡಗಳೆಂಬ ಭೇದವಿಲ್ಲದ, ನಾಲಗೆಯಂತೆ ಚಪ್ಪಟೆಯಾದ ಹಸುರು ಪಟ್ಟಿ. ತುದಿಯಲ್ಲಿ ಎರಡೆರಡಾಗಿ ಕವಲೊಡೆಯುತ್ತ ಗೋಡೆಗೆ ಅಂಟಿಕೊಂಡು ಹರಿಯುವುದು. ಬೇರಿಗೆ ಬದಲಾಗಿ ಅಡಿಯಲ್ಲಿ ಕೂದಲೆಳೆಯಂತಹ ತಂತುಗಳು. ಇಂಗ್ಲಿಷಿನಲ್ಲಿ ಈ ವರ್ಗಕ್ಕೆ ಲಿವರ್‌ವರ್ಟ್ ಎಂದು ಹೆಸರು. ಲಿವರ್ ಎಂದರೆ ಯಕೃತ್ತು, ವರ್ಟ್ ಎಂದರೆ ಅವರ ಹಳೆಯ ಭಾಷೆಯಲ್ಲಿ ಮೂಲಿಕೆ. ಆಕಾರವು ಯಕೃತ್ತನ್ನು ಹೋಲುವುದರಿಂದ ಯಕೃತ್ತಿನ ರೋಗಕ್ಕೆ ಇದೇ ಮದ್ದೆಂದು ಯೂರೋಪಿನ ಹಿಂದಿನ ವೈದ್ಯರು ನಂಬಿದ್ದರಂತೆ. ನಮ್ಮ ಗೋಡೆಯ ಮೇಲಿದ್ದುದು ಈ ವರ್ಗದ ಮಾರ್ಕಾಂಶಿಯ ಎಂಬ ಕುಲದ್ದು. 1713ರಲ್ಲಿ ಫ್ರಾನ್ಸಿನ ಝಾನ್ ಮಾರ್ಷಾನ್ ಎಂಬ ಸಸ್ಯಶಾಸ್ತ್ರಜ್ಞನು, ತನ್ನಂತೆಯೇ ಸಸ್ಯಶಾಸ್ತ್ರಜ್ಞನಾಗಿದ್ದ ತಂದೆ ನಿಕೊಲಾನ ನೆನಪಿಗಾಗಿ ಈ ಹೆಸರಿಟ್ಟನು. ಪಿತೃಋಣವನ್ನು ತೀರಿಸಲು ಹೀಗೂ ಒಂದು ದಾರಿಯುಂಟೆಂದು ನಾವು ಆಗ ತಿಳಿದುಕೊಂಡೆವು.

ಬೂದುಗಾಜಿನಲ್ಲಿ ಮೊದಲು ಕಂಡುದು ಹಸುರು ಬಟ್ಟಲುಗಳು. ಪಟ್ಟಿಯ ಬೆನ್ನಿನ ಮೇಲೆ ಅಲ್ಲಲ್ಲಿ, ಅಂಚಿನಲ್ಲಿ ಸಣ್ಣ ಹಲ್ಲುಗಳುಳ್ಳ ಬಟ್ಟಲು. ಅದರೊಳಗೆ ಹಸುರು ಬಿಲ್ಲೆಗಳು ತುಂಬಿಕೊಂಡಿದ್ದವು. ಇವನ್ನು ಕಂಡೊಡನೆಯೇ ನಮಗೆ ಒಂದು ಹಳೆಯ ಸಂಗತಿ ನೆನಪಿಗೆ ಬಂದು, ಕೈಯಲ್ಲಿದ್ದ ಗಾಜು ಅಲ್ಲಿಯೇ ನಿಂತಿತು.

ಮೂವತ್ತು ವರ್ಷದ ಹಿಂದಿನ ಮಾತು. ಶಾಲೆಯ ಪಾಠ ಮುಗಿದ ಮೇಲೆ ನಾಲ್ಕಾರು ಹುಡುಗರು ಕಾವ್ಯವನ್ನೋದಲು ನಮ್ಮ ಮನೆಗೆ ಬರುತ್ತಿದ್ದರು. ಮೇಘದೂತದ ಪಾಠ ನಡೆದಿತ್ತು. ಮೇಘದ ಗುಡುಗನ್ನು ಕೇಳಿ ಭೂಮಿಯಲ್ಲಿ ಶಿಲೀಂಧ್ರಗಳು ಮೇಲೇಳುವ ಪ್ರಸಂಗ ಅದರ ಮೊದಲ ಭಾಗದಲ್ಲಿಯೇ ಬರುವುದಷ್ಟೆ. ಶಿಲೀಂಧ್ರವೆಂದರೆ ಅಣಬೆ, ಮಲ್ಲಿನಾಥನಾದರೋ ಕಂದಳಿಯೆನ್ನುತ್ತಾನೆ, ಎಂದು ನಾವು ಎರಡು ಮತಗಳನ್ನೂ ಹೇಳಿ ಮುಂದಕ್ಕೆ ಹೋದೆವು. ಮರುದಿನ ಅವರಲ್ಲಿ ಒಬ್ಬ ಹುಡುಗನು ಅಡಕೆಯ ಹಾಳೆಯ ತುಂಡಿನಲ್ಲಿ ನಮ್ಮದೇ ಬಚ್ಚಲ ಗೋಡೆಯ ಒಂದು ಹಿಡಿ ಪಾಚಿಯನ್ನು ಎತ್ತಿಕೊಂಡು ಬಂದನು.

“ಮೇಷ್ಟ್ರೇ, ಶಿಲೀಂಧ್ರ ಎಂದರೆ ಇದೂ ಆಗುತ್ತದೆಯೇ? ಇದರ ಮೇಲೆ ಬಟ್ಟಲುಗಳಿವೆ, ನೋಡಿ.”

ನಾವು ನೋಡಲಿಲ್ಲ. “ಬಚ್ಚಲ ಪಾಚಿಯನ್ನು ಕಾಳಿದಾಸನ ಹತ್ತಿರ ತಂದೆಯಾ? ಎಸೆದು, ಕೈ ತೊಳೆದುಕೊಂಡು ಬಾ” ಎಂದೆವು. ಉಳಿದ ಹುಡುಗರು ನಕ್ಕರು. ಅವನು ಎಸೆದು, ಕೈ ತೊಳೆದುಕೊಂಡು ಬಂದು ಕುಳಿತನು. ಪಾಠಕ್ಕೆ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಆಮೇಲೆ ಅವನು ನಮ್ಮನ್ನು ಒಂದು ಪ್ರಶ್ನೆಯನ್ನಾದರೂ ಕೇಳಿದುದು ನಮಗೆ ನೆನಪಿಲ್ಲ.

ಗಾಜನ್ನು ಮತ್ತೆ ಸರಿಪಡಿಸಿಕೊಂಡು ನೋಡಿದೆವು. ನಮ್ಮ ಮನೆಯವರು ಕಜ್ಜಿಯೆಂದುದು ಆ ಹಸುರು ಬಟ್ಟಲುಗಳನ್ನಲ್ಲ. ಅವುಗಳ ನಡುನಡುವೆ, ಪಟ್ಟಿಯ ಅಂಚು ಸ್ವಲ್ಪ ಕಂದಿದ ಕಡೆಯಲ್ಲಿ, ಇನ್ನೊಂದು ಬಗೆಯ ಬಟ್ಟಲುಗಳಿದ್ದವು. ರಾಗಿಯ ಕಾಳಿನ ಅರ್ಧದಷ್ಟು ಗಾತ್ರ, ಮಜ್ಜಿಗೆಯ ಬಿಳುಪು, ಅಂಚು ನುಣುಪು, ಒಳಗೆ ಬಿಲ್ಲೆಗಳೇನೂ ಇಲ್ಲ. ಒಂದೇ ಗೋಡೆ, ಒಂದೇ ಪಾಚಿ, ಎರಡು ಬಗೆಯ ಬಟ್ಟಲು! ಆ ಹುಡುಗನು ತೋರಿಸಿದುದು ಇವುಗಳಲ್ಲಿ ಯಾವುದನ್ನು?

ಆ ದಿನ ಗೋಡೆಯನ್ನು ಉಜ್ಜುವುದು ನಿಂತಿತು. ರಜಕ್ಕೆ ಬಂದಿದ್ದ ನಮ್ಮ ಮಗಳು ತನ್ನ ಮೊಬೈಲಿನಿಂದ ಚಿತ್ರ ತೆಗೆದು ಆ ಯಂತ್ರವನ್ನೇ ಕೇಳಿದಳು. ಅದು ಒಮ್ಮೆ ಹಕ್ಕಿಗೂಡಿನಂತಹ ಅಣಬೆಯೆಂದಿತು, ಇನ್ನೊಮ್ಮೆ ಕಲ್ಲುಹೂವೆಂದಿತು. ನೋಡದೆ ಉತ್ತರ ಕೊಡುವ ವಿದ್ಯೆಯಲ್ಲಿ ಅದು ನಮ್ಮ ಶಿಷ್ಯನಾಗಲು ಯೋಗ್ಯವಾದುದೆಂದು ನಮಗೆ ತೋರಿತು. ಕಡೆಗೆ ತಾಲ್ಲೂಕಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುವ ಒಬ್ಬ ಮಹಿಳೆಯ ಪರಿಚಯ ಮಾಡಿಕೊಂಡು, ಪಾಚಿಯ ಒಂದು ತುಂಡನ್ನು ಅಡಿಯ ಮಣ್ಣಿನ ಸಮೇತ ಡಬ್ಬಿಯಲ್ಲಿಟ್ಟು, ಒದ್ದೆಯಾರದಂತೆ ತೆಗೆದುಕೊಂಡು ಹೋದೆವು.

ಹೆಸರನ್ನು ಕೇಳಲು ಹೋದ ನಮಗೆ ಆಕೆ ಮೊದಲು ಪ್ರಶ್ನೆಗಳನ್ನು ಕೊಟ್ಟರು. “ಮೇಷ್ಟ್ರೇ, ಬಟ್ಟಲಿನ ಹೆಸರಿಗೆ ಮೊದಲು ಪಾಚಿಯ ಹೆಸರು ಗೊತ್ತಾಗಬೇಕು. ಬಟ್ಟಲು ಬೆಳೆದಿರುವುದು ಜೀವಂತ ಪಾಚಿಯ ಮೇಲೆಯೋ, ಸತ್ತ ಭಾಗದ ಮೇಲೆಯೋ, ನಡುವಣ ಮಣ್ಣಿನ ಮೇಲೆಯೋ? ಹಸಿಯಾಗಿದ್ದಾಗ ಯಾವ ಬಣ್ಣ, ಒಣಗಿದಾಗ ಯಾವ ಬಣ್ಣ? ಕಾಲುಂಟೋ, ನೇರವಾಗಿ ಕುಳಿತಿದೆಯೋ? ಹೊರಮೈಯಲ್ಲಿ ರೋಮವುಂಟೋ?” ನಾವು ಪರೀಕ್ಷೆಗೆ ಓದದೆ ಬಂದ ಹುಡುಗನಂತೆ ತಲೆ ತಗ್ಗಿಸಿ ನಿಂತೆವು. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆ ಬೇಸರಿಸದೆ ಒಂದೊಂದನ್ನೂ ನಮ್ಮ ಕಣ್ಣಿನಿಂದಲೇ ನೋಡಿಸಿದರು.

ಹಸುರು ಬಟ್ಟಲು ಪಾಚಿಯ ಸ್ವಂತ ಅಂಗ. ಅದರೊಳಗಿನ ಬಿಲ್ಲೆಗಳು ಪಾಚಿಯ ಮರಿಗಳು. ಮಳೆಯ ಹನಿಯೊಂದು ಬಟ್ಟಲಿಗೆ ಬಿದ್ದರೆ ಬಿಲ್ಲೆಗಳು ನೀರಿನೊಡನೆ ಸಿಡಿದು ಒಂದೆರಡು ಅಡಿ ದೂರ ಬಿದ್ದು, ಅಲ್ಲಿಯೇ ಹೊಸ ಪಾಚಿಯಾಗಿ ಬೆಳೆಯುತ್ತವೆ. ಬಿಳಿಯ ಬಟ್ಟಲಾದರೋ ಪಾಚಿಯ ಅಂಗವಲ್ಲ. ಅದರ ಆಶ್ರಯದಲ್ಲಿ ಬದುಕುವ ಒಂದು ಶಿಲೀಂಧ್ರದ ಫಲಭಾಗ. ಆಕೆ ಒಂದು ಬಟ್ಟಲನ್ನು ಕ್ಷೌರದ ಅಲಗಿನಿಂದ ಕೂದಲೆಳೆಯಷ್ಟು ತೆಳುವಾಗಿ ಸೀಳಿ, ಗಾಜಿನ ಮೇಲೆ ನೀರಿನ ಹನಿಯಲ್ಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದರು. ಬಟ್ಟಲಿನ ಒಳಮೈಯಲ್ಲಿ ಉದ್ದುದ್ದನೆಯ ಸಂಚಿಗಳು ಭತ್ತದ ಪೈರಿನಂತೆ ಒತ್ತಾಗಿ ನಿಂತಿದ್ದವು. ನಾವು ಒಂದು ಸಂಚಿಯಲ್ಲಿದ್ದ ಬೀಜಾಣುಗಳನ್ನು ಎಣಿಸಿದೆವು: ಎಂಟು. ಇನ್ನೊಂದರಲ್ಲಿ ಎಣಿಸಿದೆವು: ಎಂಟು. ಸಂಚಿ ಬಲಿತಾಗ ಒಳಗೆ ನೀರಿನ ಒತ್ತಡ ಏರಿ, ತುದಿ ತೆರೆದು, ಆ ಎಂಟೂ ಗಾಳಿಗೆ ಚಿಮ್ಮುವುವು. ಪಾಚಿಯ ಬಟ್ಟಲು ಆಕಾಶದ ಹನಿಯನ್ನು ಕಾದಿರುವುದು. ಶಿಲೀಂಧ್ರದ ಬಟ್ಟಲು ತನ್ನೊಳಗಿನ ಬಲದಿಂದಲೇ ಸಿಡಿಯುವುದು. ಆಕಾರವೊಂದೇ, ಕಾರ್ಯ ಬೇರೆ.

ಎಂಟು ಎಂಬ ಸಂಖ್ಯೆಯನ್ನು ಕೇಳಿ ಆಕೆ ಒಂದು ಮಾತು ಹೇಳಿದರು. ಲೈಪ್‌ಜಿಗ್ ನಗರದಲ್ಲಿ ವೈದ್ಯನಾಗಿದ್ದು ಪಾಚಿಗಳ ಶಾಸ್ತ್ರಕ್ಕೆ ಪಿತಾಮಹನೆನಿಸಿಕೊಂಡ ಯೋಹಾನ್ ಹೆಡ್‌ವಿಗ್‌ನು 1789ರಲ್ಲಿ ಇಂತಹ ಬಟ್ಟಲು ಶಿಲೀಂಧ್ರಗಳ ಒಂದು ಕುಲಕ್ಕೆ ಆಕ್ಟೊಸ್ಪೊರ ಎಂದು ಹೆಸರಿಟ್ಟನಂತೆ. ಇಂದು ಆ ಹೆಸರಿನಲ್ಲಿ ಉಳಿದಿರುವ ಜಾತಿಗಳು ಬಹುಮಟ್ಟಿಗೆ ಎಲೆಪಾಚಿಗಳ ಸಂಗಡ ಬೆಳೆಯತಕ್ಕವು, ಅವುಗಳ ಬೇರೆಳೆಗಳಿಗೆ ಅಂಟಿಕೊಂಡು ಬದುಕತಕ್ಕವು. ಆಕ್ಟೊ ಎಂದರೆ ಎಂಟು. ನಮ್ಮ ಅಷ್ಟ ಶಬ್ದವೂ ಅವರ ಆಕ್ಟೊ ಶಬ್ದವೂ ಒಂದೇ ಮೂಲದವೆಂದು ಹುಡುಗರಿಗೆ ಎಷ್ಟೋ ಸಲ ಹೇಳಿದ್ದೆವು. ಆದರೆ ಅಷ್ಟವೆಂಬುದು ಪಾಚಿಯ ಮೇಲಿನ ಕಾಣದ ಸಂಚಿಯೊಳಗೆ ಹೀಗೆ ಸಾಲಾಗಿ ಕುಳಿತಿರುವುದೆಂದು ಯಾವ ವ್ಯಾಕರಣವೂ ನಮಗೆ ತಿಳಿಸಿರಲಿಲ್ಲ.

ಈಗ ಹೆಸರಿನ ಮಾತು. ಇಲ್ಲಿ ನಮ್ಮ ಹಳೆಯ ಓದು ಕೊಂಚ ಉಪಯೋಗಕ್ಕೆ ಬಂದಿತು. ತರ್ಕಸಂಗ್ರಹವನ್ನು ವ್ಯಾಖ್ಯಾನದೊಡನೆ ಓದಿದವರು ಲಕ್ಷಣದ ಮೂರು ದೋಷಗಳನ್ನು ಬಲ್ಲರು. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಹಸುವಾದೀತು; ಅದು ಅತಿವ್ಯಾಪ್ತಿ. ಕಪಿಲವರ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿದೀತು, ಅದು ಅವ್ಯಾಪ್ತಿ. ಒಂದೇ ಗೊರಸುಳ್ಳದ್ದು ಹಸು ಎಂದರೆ ಯಾವ ಹಸುವೂ ಸಿಕ್ಕದು, ಅದು ಅಸಂಭವ. ಪಾಚಿಯ ಮೇಲೆ ಬಟ್ಟಲಿನಂತಿರುವುದೆಲ್ಲ ಬಟ್ಟಲು ಶಿಲೀಂಧ್ರವೆಂದರೆ, ಪಾಚಿಯ ಸ್ವಂತ ಬಟ್ಟಲಿಗೂ, ಕಲ್ಲುಹೂವಿನ ತಟ್ಟೆಗೂ, ಪಾಚಿಯ ನಡುವೆ ಏಳುವ ಹಕ್ಕಿಗೂಡಿನಂತಹ ಅಣಬೆಗೂ ಅತಿವ್ಯಾಪ್ತಿ. ಬಿಳಿಯ ಬಟ್ಟಲೆಂದರೆ ಕಿತ್ತಳೆ ಬಣ್ಣದವೂ ನೀಲಿಹಸುರಿನವೂ ಹೊರಗುಳಿದು ಅವ್ಯಾಪ್ತಿ. ಆದುದರಿಂದಲೇ ಶಾಸ್ತ್ರಜ್ಞರು ಒಂದು ಗುರುತನ್ನು ನೆಚ್ಚದೆ ಅನೇಕವನ್ನು ಕೂಡಿಸುತ್ತಾರೆ: ಆಶ್ರಯದ ಪಾಚಿ ಯಾವುದು, ಸಂಚಿಯ ತುದಿ ಹೇಗೆ ತೆರೆಯುತ್ತದೆ, ಬೀಜಾಣುವಿನ ಉದ್ದಗಲವೆಷ್ಟು, ಅದರ ಮೈ ನುಣುಪೋ ಒರಟೋ, ಸಂಚಿಗಳ ನಡುವಣ ಎಳೆಗಳ ತುದಿ ಹೇಗಿದೆ ಎಂದು.

ಇವುಗಳಲ್ಲಿ ಸಂಚಿಯ ತುದಿಯನ್ನು ನೋಡಿ ವಿಭಾಗ ಮಾಡುವ ಕ್ರಮವನ್ನು ಬಳಕೆಗೆ ತಂದವನು ಫ್ರಾನ್ಸಿನ ಎಮಿಲ್ ಬುದಿಯೆ ಎಂಬುವನು. ಅವನು ಕಾಲೇಜಿನ ಅಧ್ಯಾಪಕನಲ್ಲ. ಮೊಂಮೊರಾನ್ಸಿ ಎಂಬ ಊರಿನಲ್ಲಿ ಔಷಧದ ಅಂಗಡಿ ಇಟ್ಟಿದ್ದವನು. ಕೆಲವು ಶಿಲೀಂಧ್ರಗಳ ಸಂಚಿಗೆ ತುದಿಯಲ್ಲಿ ಮುಚ್ಚಳವುಂಟು, ಬೀಜಾಣು ಹಾರುವಾಗ ಅದು ಡಬ್ಬಿಯ ಮುಚ್ಚಳದಂತೆ ತೆರೆಯುವುದು. ಇನ್ನು ಕೆಲವಕ್ಕೆ ಮುಚ್ಚಳವಿಲ್ಲ, ಬರಿಯ ರಂಧ್ರವುಂಟು ಎಂದು ಅವನು ತೋರಿಸಿದನು. ನಮ್ಮ ತುಂಡಿನ ಮೇಲೆ ಆಕೆ ಅಯೊಡಿನ್ನಿನ ಒಂದು ಹನಿ ಬಿಟ್ಟರು. ಕ್ಷಣಕಾಲದಲ್ಲಿ ಪ್ರತಿ ಸಂಚಿಯ ತುದಿಯಲ್ಲಿಯೂ ಸೂಜಿಯ ಮೊನೆಗಿಂತಲೂ ಸಣ್ಣದಾದ ನೀಲಿಯ ಚುಕ್ಕೆ ಮೂಡಿತು. ಮುಚ್ಚಳವಿಲ್ಲದ ಗುಂಪಿನ ಅನೇಕ ಜಾತಿಗಳಲ್ಲಿ ಹೀಗೆ ರಂಧ್ರವು ನೀಲಿಯಾಗುವುದಂತೆ. ಅರುವತ್ತು ವರ್ಷ ಬದುಕಿದ ನಮಗೆ ಆ ನೀಲಿಯು ಹೊಸದಾಗಿ ಕಂಡಿತೆಂದರೆ ವಾಚಕರು ಅತಿಶಯೋಕ್ತಿಯೆಂದುಕೊಳ್ಳಬಾರದು.

ಆಕೆಯ ಗ್ರಂಥಗಳಲ್ಲಿ ಇಂತಹ ಶಿಲೀಂಧ್ರಗಳ ಹೆಸರುಗಳನ್ನೂ ಓದಿದೆವು. ಯೂರೋಪಿನಲ್ಲಿ ಎಲೆಯುಳ್ಳ ಲಿವರ್‌ವರ್ಟುಗಳ ಮೇಲೆ ಬೆಳೆಯುವ, ಮಿಲಿಮೀಟರಿನಷ್ಟೂ ಅಗಲವಿಲ್ಲದ ನೀಲಿಹಸುರು ಬಟ್ಟಲಿಗೆ ನಿಯೇಸಿಯ ಯುಂಗರ್‌ಮಾನಿಯೆ ಎಂದು ಹೆಸರು. ಕಾನೊಸೆಫಾಲಮ್ ಎಂಬ ಪಾಚಿಯ ಮೇಲೆ ಬೆಳೆಯುವುದಕ್ಕೆ ಬ್ರಯೊಸೈಫಸ್ ಕಾನೊಸೆಫಾಲಿ ಎಂದು ಹೆಸರು. ಇವುಗಳ ಎರಡನೆಯ ಪದವನ್ನು ನೋಡಿ ನಮಗೆ ಬಹಳ ಸಂತೋಷವಾಯಿತು. ಏಕೆಂದರೆ ಅದು ಲ್ಯಾಟಿನಿನ ಷಷ್ಠೀವಿಭಕ್ತಿ! ಯುಂಗರ್‌ಮಾನಿಯದ, ಕಾನೊಸೆಫಾಲಮಿನ ಎಂದರ್ಥ. ಆಶ್ರಯ ಕೊಟ್ಟ ಪಾಚಿಯ ಹೆಸರಿಗೇ ಸಂಬಂಧದ ಪ್ರತ್ಯಯ ಹಚ್ಚಿ ಆಶ್ರಿತನನ್ನು ಕರೆದಿದ್ದಾರೆ, ನಮ್ಮ ಕಡೆಯಲ್ಲಿ ಇಂಥವರ ಮನೆಯವನು ಎನ್ನುವಂತೆ. ಬ್ರಯೊಸೈಫಸ್ ಎಂಬುದನ್ನು ವಿಗ್ರಹ ಮಾಡಿದರೆ ಗ್ರೀಕಿನಲ್ಲಿ ಪಾಚಿಯ ಬಟ್ಟಲು ಎಂದೇ ಆಗುವುದು.

ನಾವು ಉತ್ಸಾಹದಿಂದ, “ಹಾಗಾದರೆ ನಮ್ಮದು ಬ್ರಯೊಸೈಫಸ್ಸೇ ಆಗಿರಬೇಕು. ಪಾಚಿಯ ಮೇಲೆ ಬಟ್ಟಲಾಗಿದೆಯಲ್ಲ!” ಎಂದೆವು.

ಆಕೆ ನಕ್ಕು, “ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವೇ, ಮೇಷ್ಟ್ರೇ?” ಎಂದು ಕೇಳಿದರು. ಯೋಗಾರ್ಥಕ್ಕೂ ರೂಢಿಗೂ ಇರುವ ಭೇದವನ್ನು ನಾವು ಅದೇ ಉದಾಹರಣೆಯಿಂದ ಎಷ್ಟು ತಂಡದ ಹುಡುಗರಿಗೆ ಕಲಿಸಿಲ್ಲ! ನಮ್ಮ ಬಾಣವೇ ನಮಗೆ ತಿರುಗಿ ಬಂದಿತು.

ಆಕೆ ಇಪ್ಪತ್ತು ಬೀಜಾಣುಗಳನ್ನು ಅಳೆದು ಬರೆದುಕೊಂಡರು. ಒಂದನ್ನು ಅಳೆದರೆ ಸಾಲದು. ಒಂದೇ ತಾಯಿಯ ಮಕ್ಕಳಲ್ಲಿಯೂ ಉದ್ದ ಗಿಡ್ಡವುಂಟಷ್ಟೆ. ಮಿಲಿಮೀಟರನ್ನು ಸಾವಿರ ಪಾಲು ಮಾಡಿ, ಆ ಪಾಲುಗಳಲ್ಲಿ ಅಳೆಯುವ ಲೆಕ್ಕವದು. ಪುಸ್ತಕದಲ್ಲಿದ್ದ ಜಾತಿಗಳೊಡನೆ ಹೋಲಿಸಿದರು. ಒಂದಕ್ಕೆ ಅಳತೆ ಹೊಂದಿದರೆ ಆಶ್ರಯ ಹೊಂದಲಿಲ್ಲ. ಇನ್ನೊಂದಕ್ಕೆ ಆಶ್ರಯ ಹೊಂದಿದರೆ ಅಳತೆ ಹೊಂದಲಿಲ್ಲ. ಪಾಚಿಗಳ ಮೇಲೆಯೇ ಬದುಕತಕ್ಕ ಇಂತಹ ಸಂಚಿ ಶಿಲೀಂಧ್ರಗಳು ಲೋಕದಲ್ಲಿ ಸುಮಾರು 300 ತಿಳಿದಿರುವುವಂತೆ. ಅವುಗಳಲ್ಲಿ ಬಹಳವನ್ನು ಕಂಡುಹಿಡಿದು ವರ್ಣಿಸಿದವರು ಜರ್ಮನಿಯ ಪೀಟರ್ ಡಬ್ಬಲರ್ ಎಂಬ ಒಬ್ಬ ವಿದ್ವಾಂಸರು. ನಮ್ಮ ದೇಶದಲ್ಲಿಯೂ ಲಾಹೋರಿನ ಪ್ರಾಧ್ಯಾಪಕರಾಗಿದ್ದ ಶಿವರಾಮ ಕಶ್ಯಪರು ಪಶ್ಚಿಮ ಹಿಮಾಲಯದ ಮತ್ತು ಪಂಜಾಬಿನ ಲಿವರ್‌ವರ್ಟುಗಳನ್ನು ಕುರಿತು 1929ರಲ್ಲಿಯೂ 1932ರಲ್ಲಿಯೂ ಎರಡು ಭಾಗಗಳ ಗ್ರಂಥವನ್ನು ಪ್ರಕಟಿಸಿದರು. ಆಶ್ರಯದ ಪಾಚಿಯನ್ನೇ ಹೀಗೆ ಮೊದಲು ಯಾರಾದರೂ ಕೂತು ನೋಡಿದ್ದರಲ್ಲವೇ, ಅದರ ಮೇಲಿನ ಆಶ್ರಿತನನ್ನು ಕುರಿತು ಮಾತನಾಡುವುದು?

ಕಡೆಗೆ ಆಕೆ ಒಂದು ಕಾಗದದ ಪೊಟ್ಟಣವನ್ನು ಮಡಿಸಿ, ಒಣಗಿಸಿದ ತುಂಡನ್ನು ಅದರಲ್ಲಿಟ್ಟು, ಮೇಲೆ ಊರು, ದಿನ, ಜಂಬಿಟ್ಟಿಗೆಯ ಗೋಡೆ, ಮಾರ್ಕಾಂಶಿಯದ ಮೇಲೆ, ಹಸಿಯಾಗಿದ್ದಾಗ ಬಿಳುಪು ಎಂದು ಬರೆದು, ಹೆಸರಿನ ಎದುರಿಗೆ ಒಂದು ಪ್ರಶ್ನೆಯ ಗುರುತು ಹಾಕಿದರು.

“ಇಷ್ಟು ಹೊತ್ತು ನೋಡಿಯೂ ಹೆಸರು ಸಿಕ್ಕಲಿಲ್ಲವೇ?” ಎಂದು ಕೇಳಿದೆವು.

“ಇಷ್ಟು ಹೊತ್ತು ನೋಡಿದ್ದರಿಂದಲೇ ಈ ಗುರುತನ್ನು ಹಾಕುವ ಅಧಿಕಾರ ಬಂದಿತು, ಮೇಷ್ಟ್ರೇ. ನೋಡದಿದ್ದರೆ ಯಾವುದೋ ಒಂದು ಹೆಸರನ್ನು ಬರೆದುಬಿಡುತ್ತಿದ್ದೆ.”

ಈ ಮಾತನ್ನು ಕೇಳಿ ನಾವು ಬಸ್ಸಿನಲ್ಲಿ ಮನೆಗೆ ಬರುವವರೆಗೆ ಯಾರೊಡನೆಯೂ ಮಾತನಾಡಲಿಲ್ಲ. ಆ ದಿನ ಹಾಳೆಯನ್ನು ಹಿಡಿದು ನಿಂತ ಹುಡುಗನಿಗೆ ನಾವು ಹೇಳಿದುದು ತಪ್ಪು ಉತ್ತರವೆಂದು ಕೂಡ ಹೇಳಲು ಬಾರದು. ಅವನು ತಂದುದು ಪಾಚಿಯ ಸ್ವಂತ ಬಟ್ಟಲೇ ಆಗಿದ್ದರೆ, ಅದು ಶಿಲೀಂಧ್ರವಲ್ಲವೆಂಬುದೇ ಸರಿ. ಬಿಳಿಯ ಬಟ್ಟಲಾಗಿದ್ದರೆ ಹುಡುಗನೇ ಸರಿ, ಮೇಷ್ಟರು ತಪ್ಪು. ಯಾವುದೆಂದು ಇನ್ನು ಎಂದಿಗೂ ತಿಳಿಯುವಂತಿಲ್ಲ. ಯಾಕೆಂದರೆ ನಾವು ನೋಡಲಿಲ್ಲ. ತಪ್ಪಾಗಿ ಹೇಳಿದ್ದರೆ ತಿದ್ದಿಕೊಳ್ಳಬಹುದಾಗಿತ್ತು. ನೋಡದೆ ಹೇಳಿದುದನ್ನು ತಿದ್ದಿಕೊಳ್ಳುವುದು ಎಲ್ಲಿ?

ಕಾರ್ತಿಕ ಕಳೆದ ಮೇಲೆ ನಂಟರ ಮನೆಯ ಮದುವೆಯೊಂದರಲ್ಲಿ ಆ ಹುಡುಗನೇ ಸಿಕ್ಕಿದನು. ಹುಡುಗನೆಂದರೆ ಈಗ ಅವನ ತಲೆಯಲ್ಲಿಯೂ ನರೆ ಬಂದಿದೆ. ಅಡಕೆಯ ವ್ಯಾಪಾರ, ಎರಡು ಮಕ್ಕಳು. ಕಾಲಿಗೆ ನಮಸ್ಕಾರ ಮಾಡಿದನು. ಊಟದ ಪಂಕ್ತಿಗೆ ಕಾದು ಕುಳಿತಿದ್ದಾಗ ನಾವು ಸಂಕೋಚದಿಂದಲೇ ಆ ದಿನದ ಮಾತನ್ನು ತೆಗೆದು, ನೀನು ತಂದಿದ್ದ ಪಾಚಿಯ ಮೇಲಿನ ಬಟ್ಟಲು ಹಸುರೋ ಬಿಳಿಯೋ ಎಂದು ಕೇಳಿದೆವು.

ಅವನು ಬಹಳ ಹೊತ್ತು ಯೋಚಿಸಿ, “ಬಟ್ಟಲೇ? ನೆನಪಿಲ್ಲ, ಮೇಷ್ಟ್ರೇ. ನಿಮ್ಮ ಬಚ್ಚಲ ನೀರು ತುಂಬ ತಣ್ಣಗಿತ್ತು, ಅಷ್ಟೇ ನೆನಪು” ಎಂದನು. ಅನಂತರ ತಾನೇ ಮಾತು ಬದಲಿಸಿ, ಈ ವರ್ಷದ ಕೊಳೆರೋಗದ ವಿಚಾರವನ್ನೆತ್ತಿದನು. ಅದೂ ಅಡಕೆಯ ಗೊನೆಗೆ ಬರುವ ಒಂದು ಬಗೆಯ ಬೂಷ್ಟೇ ಅಲ್ಲವೇ ಎಂದು ನಮ್ಮನ್ನು ಕೇಳಿದನು. ನಮಗೆ ಉತ್ತರ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆವು. “ನಮಗೆ ಸರಿಯಾಗಿ ತಿಳಿಯದು. ಒಂದು ಗೊನೆಯನ್ನು ತೆಗೆದುಕೊಂಡು ಬಾ, ನೋಡೋಣ, ನೋಡಬಲ್ಲವರೊಬ್ಬರು ಕಾಲೇಜಿನಲ್ಲಿದ್ದಾರೆ” ಎಂದೆವು. ಮುಂದಿನ ವಾರ ಬರುತ್ತೇನೆಂದನು; ಬಂದನು ಕೂಡ.

ಗೋಡೆಯ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ನಮ್ಮ ಮನೆಯವರು ಹಬ್ಬದ ಹಿಂದಿನ ದಿನ ನಾರು ಹಿಡಿದು ಅದನ್ನು ಉಜ್ಜಿಯೇ ಉಜ್ಜಿದರು. ಕಾಲು ಜಾರಿ ಸೊಂಟ ಮುರಿದುಕೊಂಡರೆ ನಿಮ್ಮ ಶಿಲೀಂಧ್ರ ಬಂದು ಎತ್ತುತ್ತದೆಯೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಮೂಲೆಯಲ್ಲಿ, ಯಾರೂ ಕಾಲಿಡದ ಕಡೆ, ಒಂದು ಗೇಣಿನಷ್ಟು ಹಸುರನ್ನು ಅವರಾಗಿಯೇ ಬಿಟ್ಟಿದ್ದಾರೆ. ಮಳೆ ಹಿಡಿದರೆ ಗಾಜನ್ನು ತೆಗೆದುಕೊಂಡು ಮತ್ತೆ ನೋಡುತ್ತೇವೆ.